ಕ್ಯಾಲಿಫೋರ್ನಿಯಾ ಪೆರೋಲ್ ಮಂಡಳಿ: ಕಾನೂನು ತಿದ್ದಿದ ಮೇಲೆ ಒಳಗೆ ಏನು ಬದಲಾಯಿತು?

ತುಂಗಾತೀರ (ಪ್ರಶ್ನೆ)

ಎಲ್‌ಎಲ್‌ಎಂ ಸೆಮಿನಾರಿಗೆ ‘ಅಮೆರಿಕದ ರಾಜ್ಯಗಳು ಪೆರೋಲ್ ಮಂಡಳಿಯ ಕಾರ್ಯವಿಧಾನವನ್ನು ಕಾನೂನಿನಿಂದ ತಿದ್ದಿದ ಬಗೆ’ ಎಂಬ ವಿಷಯ ಕೊಟ್ಟಿದ್ದಾರೆ. ಕ್ಯಾಲಿಫೋರ್ನಿಯಾವನ್ನು ಮುಖ್ಯವಾಗಿ ತೆಗೆದುಕೊಂಡಿದ್ದೇನೆ. ಎಸ್‌ಬಿ 260, ಎಸ್‌ಬಿ 261, ಎಬಿ 1308, ಎಬಿ 3234 ಈ ನಾಲ್ಕು ಮಸೂದೆಗಳ (ಎಸ್‌ಬಿ ಎಂದರೆ ಸೆನೆಟ್ ಮಸೂದೆ, ಎಬಿ ಎಂದರೆ ಅಸೆಂಬ್ಲಿ ಮಸೂದೆ) ಪಠ್ಯ ಓದಿದ್ದಾಯಿತು. ಆದರೂ ಕೆಲವು ಗಂಟು ಬಿಚ್ಚಿಕೊಳ್ಳುತ್ತಿಲ್ಲ.

‘25 ವರ್ಷದಿಂದ ಜೀವಾವಧಿ’ ಎಂಬ ಶಿಕ್ಷೆಯಲ್ಲಿ 25 ತುಂಬಿದರೆ ಬಿಡುಗಡೆ ಹಕ್ಕಾಗುತ್ತದೆಯೇ? 2008ರ ಮಾರ್ಸೀಸ್ ಕಾನೂನು ಒಮ್ಮೆ ನಿರಾಕರಿಸಿದರೆ 15 ವರ್ಷ ಕಾಯಿಸಬಹುದು ಎನ್ನುತ್ತದೆ, ಆಮೇಲಿನ ಮಸೂದೆಗಳೆಲ್ಲ ಸಡಿಲಿಸುವ ದಿಕ್ಕಿನವು. ಎರಡೂ ಒಟ್ಟಿಗೆ ಹೇಗೆ ನಿಂತಿವೆ? ಮಂಡಳಿ ಕೊಟ್ಟ ಪೆರೋಲನ್ನು ಗವರ್ನರ್ ರದ್ದು ಮಾಡಬಹುದು ಎಂದಿದೆ, ಎಲ್ಲ ಪ್ರಕರಣದಲ್ಲೂ ಮಾಡಬಹುದೇ? ಕೊನೆಯದಾಗಿ, ಇದನ್ನು ಕರ್ನಾಟಕದ ಯಾವುದರ ಜೊತೆ ಹೋಲಿಸುವುದು ನ್ಯಾಯ?

ಗೊತ್ತಿರುವವರು ದಯವಿಟ್ಟು ವಿವರವಾಗಿ ತಿಳಿಸಿ.

ಕಟಕಟೆ

ಮೊದಲು ಪದದ ವಿಷಯ. ಇದನ್ನು ಬಿಟ್ಟರೆ ಪ್ರಬಂಧ ಮೊದಲ ಪುಟದಲ್ಲೇ ಹಾದಿ ತಪ್ಪುತ್ತದೆ. ನಮ್ಮಲ್ಲಿ ಪೆರೋಲ್ ಎಂದರೆ ಮಗಳ ಮದುವೆಗೋ ತಂದೆಯ ತಿಥಿಗೋ ಊರಿಗೆ ಹೋಗಿ, ಹೇಳಿದ ದಿನಕ್ಕೆ ಜೈಲಿನ ಗೇಟಿಗೆ ಮರಳುವುದು. ಅಲ್ಲಿ ಪೆರೋಲ್ ಎಂದರೆ ಜೈಲುವಾಸ ಮುಗಿಯಿತು, ಇನ್ನು ಹೊರಗೆ ಅಧಿಕಾರಿಯ ನಿಗಾದಲ್ಲಿ ಬಾಳಬೇಕು ಎಂದು. ‘ಗವರ್ನರ್’ ಎನ್ನುವುದನ್ನು ‘ರಾಜ್ಯಪಾಲ’ ಎಂದು ಅನುವಾದಿಸಬೇಡಿ. ಅಲ್ಲಿ ಅವರು ಮತ ಕೇಳಿ ಗೆದ್ದು ಬರುವವರು, ಅಧಿಕಾರದ ಲೆಕ್ಕದಲ್ಲಿ ನಮ್ಮ ಮುಖ್ಯಮಂತ್ರಿಗೆ ಹತ್ತಿರ. ಈ ವ್ಯತ್ಯಾಸ ಮುಂದೆ ಬೇಕಾಗುತ್ತದೆ.

ಎರಡನೆಯದು, ಮಂಡಳಿಯ ಮುಂದೆ ಯಾರು ಬರುತ್ತಾರೆ ಎನ್ನುವುದು. 1977ರ ಜುಲೈ 1ರಿಂದ ಕ್ಯಾಲಿಫೋರ್ನಿಯಾದಲ್ಲಿ ಬಹುತೇಕ ಅಪರಾಧಗಳಿಗೆ ನಿಗದಿತ ಅವಧಿಯ ಶಿಕ್ಷೆ. ಅವಧಿ ಮುಗಿದರೆ ಕೈದಿ ಹೊರಗೆ, ಅದಕ್ಕೆ ಮಂಡಳಿಯ ಒಪ್ಪಿಗೆ ಬೇಕಿಲ್ಲ. ಮಂಡಳಿಗೆ ಉಳಿದದ್ದು ಮುಖ್ಯವಾಗಿ ‘ಇಷ್ಟು ವರ್ಷದಿಂದ ಜೀವಾವಧಿ’ ಶಿಕ್ಷೆಯವರು. ಅಲ್ಲಿ 25 ಎನ್ನುವುದು ಬಿಡುಗಡೆಯ ವರ್ಷವಲ್ಲ, ಕೇಳಿಕೊಳ್ಳಲು ಬಾಗಿಲು ತೆರೆಯುವ ವರ್ಷ. ಆ ಕನಿಷ್ಠ ದಿನಾಂಕಕ್ಕೆ ಒಂದು ವರ್ಷ ಮೊದಲು ಮೊದಲ ವಿಚಾರಣೆ. ಅದಕ್ಕೂ ಮುಂಚೆ, ಕನಿಷ್ಠ ದಿನಾಂಕಕ್ಕೆ ಆರು ವರ್ಷ ಇರುವಾಗ, ಮಂಡಳಿಯವರು ಕೈದಿಯನ್ನು ಒಮ್ಮೆ ಭೇಟಿಯಾಗಿ ಎಲ್ಲಿ ಸುಧಾರಿಸಬೇಕು ಎಂದು ಹೇಳುತ್ತಾರೆ. ಆ ಭೇಟಿಯ ಟಿಪ್ಪಣಿ ಮುಂದೆ ಕಡತದಲ್ಲಿ ಎದುರಿಗೇ ಬಂದು ಕೂರುತ್ತದೆ. ‘ಅಂದು ಹೇಳಿದ ಕೋರ್ಸು ಯಾಕೆ ಮಾಡಲಿಲ್ಲ?’ ಎಂಬ ಪ್ರಶ್ನೆ ಅಲ್ಲಿಂದಲೇ ಹುಟ್ಟುತ್ತದೆ. ದಂಡ ಸಂಹಿತೆಯ 3041ನೇ ಸೆಕ್ಷನ್ ‘ಸಾಮಾನ್ಯವಾಗಿ ಪೆರೋಲ್ ಕೊಡತಕ್ಕದ್ದು’ ಎನ್ನುತ್ತದೆ. ಆದರೆ ಸಾರ್ವಜನಿಕರಿಗೆ ಅಪಾಯ ಎಂದು ಕಂಡರೆ ನಿರಾಕರಿಸುವ ಅಧಿಕಾರವೂ ಅಲ್ಲೇ ಇದೆ. ಹತ್ತಾರು ವರ್ಷ ಈ ಎರಡನೇ ಭಾಗವೇ ಮೊದಲನೆಯದನ್ನು ನುಂಗಿಹಾಕಿತ್ತು.

ಈಗ ನಿಮ್ಮ ಮಸೂದೆಗಳು. 2012ರಲ್ಲಿ ಕಬಾಯೆರೊ ಪ್ರಕರಣದಲ್ಲಿ ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟ್ ಮುಂದೆ ಒಬ್ಬ ಬಾಲಾಪರಾಧಿಗೆ 110 ವರ್ಷದಿಂದ ಜೀವಾವಧಿ ಶಿಕ್ಷೆ ಇತ್ತು. ಹೆಸರಿಗೆ ಪೆರೋಲ್ ಉಂಟು, ಆದರೆ ಅಷ್ಟು ವರ್ಷ ಬದುಕುವವರು ಯಾರು? ಕೊಲೆಯಲ್ಲದ ಅಪರಾಧಕ್ಕೆ ಬಾಲಕನಿಗೆ ಇಂಥ ಶಿಕ್ಷೆ ಸಲ್ಲದು ಎಂದು ನ್ಯಾಯಾಲಯ ಹೇಳಿ, ದಾರಿ ಹುಡುಕಲು ಶಾಸಕಾಂಗಕ್ಕೆ ಸೂಚಿಸಿತು. ಅದರ ಫಲ 2013ರ ಎಸ್‌ಬಿ 260: ಒಟ್ಟು ಶಿಕ್ಷೆ ಎಷ್ಟೇ ಉದ್ದವಿರಲಿ, ಗೊತ್ತಾದ ವರ್ಷಕ್ಕೆ ‘ಯುವ ಅಪರಾಧಿ’ ಎಂದು ಪೆರೋಲ್ ವಿಚಾರಣೆ. ಅಪರಾಧದ ಹೊತ್ತಿಗೆ 18 ತುಂಬದಿದ್ದವರಿಗೆ ಅದು ಅನ್ವಯ, ಜಾರಿಗೆ ಬಂದದ್ದು 2014ರ ಜನವರಿ 1. ಎಸ್‌ಬಿ 261 ಅದನ್ನು 23 ತುಂಬದವರಿಗೆ ಹಿಗ್ಗಿಸಿತು (2016ರ ಜನವರಿ 1), ಎಬಿ 1308 ಅದನ್ನು 25 ಅಥವಾ ಅದಕ್ಕಿಂತ ಕಡಿಮೆ ವಯಸ್ಸಿನವರಿಗೆ ಹಿಗ್ಗಿಸಿತು (2018ರ ಜನವರಿ 1). ಮೂರೂ ಈಗ 3051ನೇ ಸೆಕ್ಷನ್ನಿನಲ್ಲಿ ಕೂತಿವೆ.

ಲೆಕ್ಕ ಹೀಗೆ. ‘ನಿಯಂತ್ರಕ ಅಪರಾಧ’ಕ್ಕೆ (ವಿಚಾರಣೆಯ ವರ್ಷ ಯಾವುದರ ಮೇಲೆ ನಿಂತಿದೆಯೋ ಅದು) ನಿಗದಿತ ಅವಧಿಯ ಶಿಕ್ಷೆ ಇದ್ದರೆ ಸೆರೆವಾಸದ 15ನೇ ವರ್ಷ. 25ಕ್ಕಿಂತ ಕಡಿಮೆ ಕನಿಷ್ಠದ ಜೀವಾವಧಿ ಆಗಿದ್ದರೆ 20ನೇ ವರ್ಷ. 25 ವರ್ಷದಿಂದ ಜೀವಾವಧಿ ಆಗಿದ್ದರೆ 25ನೇ ವರ್ಷ. ಇಪ್ಪತ್ತನೇ ವಯಸ್ಸಿನಲ್ಲಿ ಬಂಧನವಾದ ಒಬ್ಬನಿಗೆ ಮೊದಲ ದರ್ಜೆ ಕೊಲೆಗೆ 25, ಬಂದೂಕು ಹಾರಿಸಿ ಕೊಂದದ್ದಕ್ಕೆ ಹೆಚ್ಚುವರಿ 25, ಒಟ್ಟು 50 ವರ್ಷದಿಂದ ಜೀವಾವಧಿ ಎಂದಿಟ್ಟುಕೊಳ್ಳಿ. ಹಳೆಯ ಲೆಕ್ಕದಲ್ಲಿ ಮೊದಲ ವಿಚಾರಣೆಯ ಹೊತ್ತಿಗೆ ಅವನಿಗೆ ಹತ್ತಿರ ಹತ್ತಿರ 70. ಹೊಸ ಲೆಕ್ಕದಲ್ಲಿ 45ರ ಆಸುಪಾಸು. ತೀರ್ಪಿನ ಒಂದಕ್ಷರವನ್ನೂ ಅಳಿಸಿಲ್ಲ, ಶಿಕ್ಷೆ 50 ವರ್ಷದಿಂದ ಜೀವಾವಧಿ ಎಂದೇ ಉಳಿದಿದೆ. ಬದಲಾದದ್ದು ಮಂಡಳಿಯ ಮುಂದೆ ಕೂರುವ ದಿನಾಂಕ.

ಮೂರೂ ಕಾನೂನಿನಲ್ಲಿ ಇನ್ನೊಂದು ಒಳ್ಳೆಯ ಕೆಲಸ ಆಗಿದೆ. ಆಗಲೇ ಅರ್ಹತೆ ದಾಟಿಹೋಗಿದ್ದ ಜೀವಾವಧಿ ಕೈದಿಗಳ ವಿಚಾರಣೆ ಮುಗಿಸಲು ಮಂಡಳಿಗೆ ಗಡುವು ಹಾಕಿದರು: 2015ರ ಜುಲೈ 1, 2017ರ ಜುಲೈ 1, 2020ರ ಜನವರಿ 1. ಅರ್ಹತೆ ಕೊಟ್ಟು ಗಡುವು ಹಾಕದೆ ಬಿಟ್ಟಿದ್ದರೆ ಕಡತಗಳು ಸರದಿಯಲ್ಲೇ ಹಣ್ಣಾಗುತ್ತಿದ್ದವು. ನಿಮ್ಮ ಪ್ರಬಂಧದಲ್ಲಿ ಇದಕ್ಕೆ ಒಂದು ಪ್ಯಾರಾ ಕೊಡಿ.

ಹೊರಗುಳಿದವರು: ಮೂರು ಸ್ಟ್ರೈಕ್ ಕಾನೂನಿನಡಿ (ಮತ್ತೆ ಮತ್ತೆ ಅಪರಾಧ ಮಾಡಿದವರಿಗೆ ಶಿಕ್ಷೆ ಹೆಚ್ಚಿಸುವ ಕಾನೂನು) ಶಿಕ್ಷೆಯಾದವರು, ಕೆಲವು ಗಂಭೀರ ಲೈಂಗಿಕ ಅಪರಾಧಗಳವರು, ಮತ್ತು 18 ತುಂಬಿದ ಮೇಲೆ ಮಾಡಿದ ಅಪರಾಧಕ್ಕೆ ಪೆರೋಲ್ ಇಲ್ಲದ ಜೀವಾವಧಿ ಪಡೆದವರು. 18ರಿಂದ 25ರ ನಡುವಿನ ಈ ಕೊನೆಯ ಗುಂಪನ್ನು ಬಿಟ್ಟದ್ದು ಸಮಾನತೆಗೆ ವಿರುದ್ಧ ಎಂಬ ವಾದವನ್ನು 2024ರ ಮಾರ್ಚಿನಲ್ಲಿ ಹಾರ್ಡಿನ್ ಪ್ರಕರಣದಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. 18 ತುಂಬದೆ ಅಂಥ ಶಿಕ್ಷೆ ಪಡೆದವರಿಗೆ 2017ರ ಎಸ್‌ಬಿ 394 ಪ್ರಕಾರ 25ನೇ ವರ್ಷಕ್ಕೆ ವಿಚಾರಣೆ ಸಿಗುತ್ತದೆ.

ಎಬಿ 3234 ವಯಸ್ಸಾದವರದು. 50 ತುಂಬಿ, ಸತತ 20 ವರ್ಷ ಒಳಗಿದ್ದರೆ ವಿಚಾರಣೆಗೆ ಅರ್ಹ, 2021ರ ಜನವರಿ 1ರಿಂದ. ಅದಕ್ಕೆ ಮುಂಚೆ ಜೈಲುಗಳ ಕಿಕ್ಕಿರಿದ ಸ್ಥಿತಿಯ ಮೊಕದ್ದಮೆಯಲ್ಲಿ ಫೆಡರಲ್ ನ್ಯಾಯಾಲಯದ ಆದೇಶದಂತೆ 2014ರಿಂದ ಇದ್ದದ್ದು 60 ವರ್ಷ ವಯಸ್ಸು, 25 ವರ್ಷ ಸೆರೆ. ಹಳೆಯದು ಸತ್ತಿಲ್ಲ. ಮೂರು ಸ್ಟ್ರೈಕಿನವರು ಎಬಿ 3234ರಿಂದ ಹೊರಗೆ, ಅವರಿಗೆ ಈಗಲೂ ಆ 60–25ರ ದಾರಿಯೇ ಗತಿ.

ಪುಟತಿರುವು

ಮಾರ್ಸೀಸ್ ಕಾನೂನು ಮತ್ತು ವಿಚಾರಣೆಯ ಒಳಗಿನ ಸಂಗತಿ ನಾನು ಬರೆಯುತ್ತೇನೆ. ಎರಡೂ ಒಟ್ಟಿಗೆ ನಿಂತಿರುವ ಗುಟ್ಟು ಸರಳ. ಒಂದು ಕಾನೂನು ಮೊದಲ ದಿನಾಂಕವನ್ನು ಹಿಂದಕ್ಕೆಳೆಯುತ್ತದೆ, ಇನ್ನೊಂದು ಮುಂದಿನ ದಿನಾಂಕವನ್ನು ದೂರ ತಳ್ಳುತ್ತದೆ.

2008ರ ನವೆಂಬರಿನಲ್ಲಿ ಮತದಾರರು ನೇರವಾಗಿ ಅಂಗೀಕರಿಸಿದ 9ನೇ ಪ್ರಸ್ತಾವವೇ ಮಾರ್ಸೀಸ್ ಕಾನೂನು. ಅದಕ್ಕೆ ಮುಂಚೆ ನಿರಾಕರಣೆಯಾದರೆ ಸಾಮಾನ್ಯವಾಗಿ ಮುಂದಿನ ವರ್ಷವೇ ಮತ್ತೆ ವಿಚಾರಣೆ. ಕೊಲೆ ಪ್ರಕರಣದಲ್ಲಿ ಕಾರಣ ಬರೆದು ಐದು ವರ್ಷದವರೆಗೆ ಮುಂದೂಡಬಹುದಿತ್ತು. ಹೊಸದರಲ್ಲಿ ಏಣಿ ತಲೆಕೆಳಗಾಯಿತು. ಆರಂಭವೇ 15 ವರ್ಷದಿಂದ. 10ಕ್ಕೆ ಇಳಿಸಬೇಕಾದರೆ ‘ಸ್ಪಷ್ಟ ಮತ್ತು ಮನದಟ್ಟಾಗುವ ಸಾಕ್ಷ್ಯ’ ಬೇಕು, ಅಲ್ಲಿಂದ ಕೆಳಗಿಳಿಯಲೂ ಅದೇ ಅಳತೆಗೋಲು. ಕೆಳಗಿಳಿದ ಮೇಲೆ 7, 5, 3 ಈ ಮೂರರಲ್ಲಿ ಒಂದು. ಮೂರಕ್ಕಿಂತ ಕಡಿಮೆ ಇಲ್ಲ. 2013ರಲ್ಲಿ ವಿಕ್ಸ್ ಪ್ರಕರಣದಲ್ಲಿ ಹಳೆಯ ಕೈದಿಗಳಿಗೂ ಇದು ಅನ್ವಯಿಸುತ್ತದೆ ಎಂದು ತೀರ್ಪಾಯಿತು.

ಹಾಗಾದರೆ ಶಾಸಕಾಂಗ ಈ 15ನ್ನೇ ಯಾಕೆ ತಿದ್ದಲಿಲ್ಲ? ಜನಮತದಿಂದ ಬಂದ ಈ ಕಾನೂನನ್ನು ಸಡಿಲಿಸಬೇಕಾದರೆ ಎರಡೂ ಸದನಗಳಲ್ಲಿ ನಾಲ್ಕನೇ ಮೂರರಷ್ಟು ಬಹುಮತ ಬೇಕು, ಇಲ್ಲವೇ ಮತ್ತೆ ಮತದಾರರ ಮುಂದೆ ಹೋಗಬೇಕು. ಅದು ಸುಲಭದ ಮಾತಲ್ಲ. ಆದ್ದರಿಂದ ಕೈಗೆಟುಕುವ ಮೊದಲ ದಿನಾಂಕವನ್ನು ತಿದ್ದಿದರು. 2013ರಿಂದ 2020ರವರೆಗಿನ ಮಸೂದೆಗಳ ಸಾಲನ್ನು ಈ ಕಣ್ಣಿನಿಂದ ನೋಡಿದರೆ ಮಾತ್ರ ಅದಕ್ಕೊಂದು ಆಕಾರ ಕಾಣುತ್ತದೆ. ಹೋಲಿಕೆಗೆ ನ್ಯೂಯಾರ್ಕ್ ನೋಡಿ, ಅಲ್ಲಿ ನಿರಾಕರಿಸಿದರೆ ಮುಂದೂಡಿಕೆ ಗರಿಷ್ಠ 24 ತಿಂಗಳು. 24 ತಿಂಗಳೆಲ್ಲಿ, 15 ವರ್ಷವೆಲ್ಲಿ! ಹದಿನೈದರ ಹೊಡೆತ ಬಿದ್ದವನ ತಾಯಿತಂದೆ ಮುಂದಿನ ವಿಚಾರಣೆಗೆ ಬದುಕಿರುತ್ತಾರೆಯೇ ಎನ್ನುವುದೇ ಅನುಮಾನ. ಹೊರಗೆ ಬಂದರೆ ಉಳಿಯಲು ಮನೆ ಕೊಡುತ್ತೇವೆಂದು ಪತ್ರ ಬರೆದವರು ಅವರೇ ಆಗಿರುತ್ತಾರೆ.

ನಡುವೆ ಒಂದು ಕಿಟಕಿ ಇದೆ. ಪರಿಸ್ಥಿತಿ ಬದಲಾಗಿದೆ ಅಥವಾ ಹೊಸ ಮಾಹಿತಿ ಸಿಕ್ಕಿದೆ ಎಂದು ತೋರಿಸಿ ವಿಚಾರಣೆ ಬೇಗ ಮಾಡಿ ಎಂದು ಕೈದಿ ಅರ್ಜಿ ಹಾಕಬಹುದು. ಆದರೆ ಮೂರು ವರ್ಷಕ್ಕೆ ಒಂದೇ. ಇದನ್ನು ಅವಸರದಲ್ಲಿ ಹಾಕಿ ಕಳೆದುಕೊಳ್ಳುವವರು ಬಹಳ. ನಿರಾಕರಣೆಯಲ್ಲಿ ‘ಮದ್ಯವ್ಯಸನದ ಕೆಲಸ ಸಾಲದು’ ಎಂದಿದ್ದರೆ, ಎರಡು ತಿಂಗಳ ಒಂದು ಪ್ರಮಾಣಪತ್ರ ಅಂಟಿಸಿ ಅರ್ಜಿ ಕೊಟ್ಟರೆ ತಿರಸ್ಕಾರ ಖಚಿತ, ಮುಂದಿನ ಅವಕಾಶಕ್ಕೆ ಮತ್ತೆ ಮೂರು ವರ್ಷ. ಮೂರು ವರ್ಷದ ನಿರಾಕರಣೆ ಪಡೆದವರ ಕಡತವನ್ನು ಮಾತ್ರ ಸುಮಾರು ಒಂದು ವರ್ಷದ ಹೊತ್ತಿಗೆ ಮಂಡಳಿಯೇ ತಾನಾಗಿ ತೆರೆದು ನೋಡುತ್ತದೆ.

ಇನ್ನು ವಿಚಾರಣೆ. ಸಾಮಾನ್ಯವಾಗಿ ಇಬ್ಬರು ಕೂರುತ್ತಾರೆ: ಒಬ್ಬರು ಕಮಿಷನರ್ (ಗವರ್ನರ್ ನೇಮಕ, ಸೆನೆಟ್ ಒಪ್ಪಿಗೆ, ಮೂರು ವರ್ಷದ ಅವಧಿ), ಇನ್ನೊಬ್ಬರು ಉಪ ಕಮಿಷನರ್ (ಸರ್ಕಾರಿ ನೌಕರಿಯವರು). ಇಬ್ಬರ ಮತ ಬೇರೆಯಾದರೆ ಪ್ರಕರಣ ಪೂರ್ಣ ಮಂಡಳಿಗೆ ಹೋಗುತ್ತದೆ. 2020ರ ಕೋವಿಡ್ ನಂತರ ವಿಚಾರಣೆ ವಿಡಿಯೋದಲ್ಲಿ. ಕೈದಿ ಜೈಲಿನ ಕೋಣೆಯಲ್ಲಿ ಪರದೆ ಎದುರು, ಉಳಿದವರು ಬೇರೆ ಬೇರೆ ಕಡೆ. ವಕೀಲರನ್ನು ಇಟ್ಟುಕೊಳ್ಳಲು ಹಣವಿಲ್ಲದಿದ್ದರೆ ಸರ್ಕಾರ ನೇಮಿಸುತ್ತದೆ. ಕ್ರಮ ಹೀಗಿರುತ್ತದೆ: ಬಾಲ್ಯ ಮತ್ತು ಹಿಂದಿನ ಅಪರಾಧಗಳು, ಈ ಅಪರಾಧ, ಜೈಲಿನೊಳಗಿನ ನಡತೆ, ಹೊರಗೆ ಬಂದರೆ ಏನು ಎಂಬ ಯೋಜನೆ. ಆಮೇಲೆ ಜಿಲ್ಲಾ ಪ್ರಾಸಿಕ್ಯೂಟರ್ ಕಡೆಯ ಪ್ರಶ್ನೆಗಳು. ಅವರು ಕೈದಿಯನ್ನು ನೇರವಾಗಿ ಕೇಳುವಂತಿಲ್ಲ, ಮಂಡಳಿಯ ಮೂಲಕ ಕೇಳಬೇಕು. ಕೊನೆಯ ವಾದಗಳಾದ ಮೇಲೆ ಸಂತ್ರಸ್ತರು ಅಥವಾ ಅವರ ಮನೆಯವರು ಮಾತಾಡುತ್ತಾರೆ, ಅವರದೇ ಕೊನೆಯ ಮಾತು. ಬಿಡುವು. ಇಬ್ಬರು ಸದಸ್ಯರು ಮಾತಾಡಿಕೊಂಡು ಬಂದು ಅಂದೇ, ಅಲ್ಲೇ ನಿರ್ಧಾರವನ್ನು ಓದಿ ಹೇಳುತ್ತಾರೆ.

ಅದಕ್ಕೆ ಮುಂಚೆ ಮಂಡಳಿಯ ಮನಶ್ಶಾಸ್ತ್ರಜ್ಞರು ಕೈದಿಯನ್ನು ಸಂದರ್ಶಿಸಿ ಅಪಾಯದ ಮೌಲ್ಯಮಾಪನ ವರದಿ ಬರೆದಿರುತ್ತಾರೆ. ಎಚ್‌ಸಿಆರ್-20 ಎಂಬ ಸಾಧನ ಬಳಸುತ್ತಾರೆ, 20 ಅಂಶಗಳು: ಹತ್ತು ಹಿಂದಿನ ಬದುಕಿನವು, ಐದು ಈಗಿನ ಮನಸ್ಥಿತಿಯವು, ಐದು ಮುಂದಿನ ನಿರ್ವಹಣೆಯವು. ಗಮನಿಸಿ, ಅರ್ಧಕ್ಕರ್ಧ ಅಂಶಗಳು ಇನ್ನೆಂದೂ ಬದಲಾಗದ ಭೂತಕಾಲ. ವರದಿಯ ಕೊನೆಯಲ್ಲಿ ಒಂದೇ ಪದ: ಕಡಿಮೆ, ಮಧ್ಯಮ, ಹೆಚ್ಚು. ಎಲ್ಲರೂ ಮೊದಲು ತಿರುವಿ ನೋಡುವುದು ಆ ಪುಟವನ್ನೇ. ವರದಿಯಲ್ಲಿ ತಪ್ಪು ಸಂಗತಿ ಇದ್ದರೆ ವಿಚಾರಣೆಗೆ ಮುಂಚಿತವಾಗಿಯೇ ಬರೆದು ಆಕ್ಷೇಪಿಸಬೇಕು. ಆ ದಿನ ಬಾಯಲ್ಲಿ ಹೇಳಿದರೆ ‘ಸಬೂಬು ಹೇಳುತ್ತಿದ್ದಾನೆ’ ಎಂಬ ಅರ್ಥ ಬರುತ್ತದೆ.

ಎಲ್ಲಿ ಎಡವುತ್ತಾರೆ? ಮೊದಲನೆಯದು ಹೇಳಿಕೆಗಳು ತಾಳೆಯಾಗದಿರುವುದು. ಪೊಲೀಸ್ ವರದಿಯಲ್ಲಿ ಒಂದು, ಮನಶ್ಶಾಸ್ತ್ರಜ್ಞರ ಮುಂದೆ ಒಂದು, ಮಂಡಳಿಯ ಮುಂದೆ ಇನ್ನೊಂದು. ಎರಡನೆಯದು ಇತ್ತೀಚಿನ ಶಿಸ್ತು ಉಲ್ಲಂಘನೆ. ಜೈಲಿನೊಳಗೆ ಮೊಬೈಲ್ ಸಿಕ್ಕಿತು ಎಂಬ ಒಂದು ಟಿಪ್ಪಣಿ ಹತ್ತು ವರ್ಷದ ಸನ್ನಡತೆಯ ಮೇಲೆ ಕೂರುತ್ತದೆ. ಮೂರನೆಯದು ಮತ್ತು ದೊಡ್ಡದು, ‘ಒಳನೋಟ ಇಲ್ಲ’, ಅಂದರೆ ತಾನು ಯಾಕೆ ಹಾಗೆ ಮಾಡಿದೆ ಎಂಬ ಅರಿವು ಇಲ್ಲ ಎಂಬ ಕಾರಣ. 2008ರ ಲಾರೆನ್ಸ್ ತೀರ್ಪು ಬಂದಮೇಲೆ ಅಪರಾಧ ಘೋರವಾಗಿತ್ತು ಎಂಬುದೊಂದರಿಂದಲೇ ನಿರಾಕರಿಸುವಂತಿಲ್ಲ. ಈ ಹೊತ್ತಿಗೂ ಅಪಾಯಕಾರಿ ಎಂಬುದಕ್ಕೆ ‘ಕೊಂಚವಾದರೂ ಸಾಕ್ಷ್ಯ’ ಇರಬೇಕು. ಆ ಜಾಗವನ್ನು ‘ಒಳನೋಟ’ ತುಂಬಿಕೊಂಡಿತು. ತಪ್ಪೊಪ್ಪಿಗೆಯನ್ನೇ ಷರತ್ತಾಗಿಸಬಾರದು ಎಂದು 5011ನೇ ಸೆಕ್ಷನ್ ಹೇಳುತ್ತದೆ. ಆದರೆ ನಾನು ಮಾಡಿಲ್ಲ ಎನ್ನುವವನು ಯಾಕೆ ಮಾಡಿದೆ ಎಂಬುದನ್ನು ವಿವರಿಸುವುದು ಹೇಗೆ? ಈ ಇಕ್ಕಟ್ಟನ್ನು ಕಾನೂನು ಇನ್ನೂ ಬಿಡಿಸಿಲ್ಲ ಎಂಬುದು ನನ್ನ ಅಭಿಪ್ರಾಯ.

ಯುವ ಅಪರಾಧಿಗಳ ವಿಚಾರಣೆಯಲ್ಲಿ ಮಂಡಳಿ ವಯಸ್ಸಿನ ಅಪಕ್ವತೆಗೂ ಆಮೇಲಿನ ಬೆಳವಣಿಗೆಗೂ ‘ಬಹಳ ತೂಕ’ ಕೊಡಬೇಕು ಎಂದು 4801(ಸಿ) ಹೇಳುತ್ತದೆ. ತೂಕ ಕೊಡಲು ತಕ್ಕಡಿಯಲ್ಲಿ ಏನಾದರೂ ಇರಬೇಕಲ್ಲ! ಇಪ್ಪತ್ತೈದು ವರ್ಷ ಕಳೆದಮೇಲೆ ಶಾಲೆಯ ದಾಖಲೆ ಎಲ್ಲಿ, ಪಾಠ ಹೇಳಿದವರು ಎಲ್ಲಿ? ಅದಕ್ಕೇ 2016ರ ಫ್ರಾಂಕ್ಲಿನ್ ತೀರ್ಪು ಶಿಕ್ಷೆ ವಿಧಿಸುವ ಹಂತದಲ್ಲೇ ಯೌವನದ ಸಾಕ್ಷ್ಯ ದಾಖಲಿಸಲು ಅವಕಾಶ ಇರಬೇಕೆಂದಿತು. ಶಿಕ್ಷೆ ಅಂತಿಮವಾದವರೂ ಅರ್ಜಿ ಹಾಕಿ ದಾಖಲಿಸಬಹುದು ಎಂದು 2019ರ ಕುಕ್ ತೀರ್ಪು ಹೇಳಿತು.

ಅಟ್ಲಾಂಟಿಕ್ ದಂಡೆ

ಗವರ್ನರ್ ಬಗ್ಗೆ. ಕ್ಯಾಲಿಫೋರ್ನಿಯಾದಲ್ಲಿ ಪೆರೋಲ್ ರದ್ದುಮಾಡುವ ಅಧಿಕಾರ ಬಂದದ್ದು 1988ರ 89ನೇ ಪ್ರಸ್ತಾವದಿಂದ, ಅದೂ ಕೊಲೆ ಪ್ರಕರಣಗಳಿಗೆ ಮಾತ್ರ. ಇಬ್ಬರು ಸದಸ್ಯರು ‘ಅರ್ಹ’ ಎಂದ ಮೇಲೆ ಮಂಡಳಿಯ ಒಳಗಿನ ಪರಿಶೀಲನೆಗೆ 120 ದಿನದವರೆಗೆ, ಆಮೇಲೆ ಗವರ್ನರಿಗೆ 30 ದಿನ. ಹೀಗಾಗಿ ಪೆರೋಲ್ ಸಿಕ್ಕಿತು ಎಂದು ಮನೆಯವರು ಸಂಭ್ರಮಪಟ್ಟಮೇಲೂ ಐದು ತಿಂಗಳು ಉಸಿರು ಬಿಗಿಹಿಡಿದು ಕೂರಬೇಕು. ಕೊಲೆಯಲ್ಲದ ಪ್ರಕರಣದಲ್ಲಿ ಗವರ್ನರ್ ತಾವೇ ರದ್ದು ಮಾಡಲಾರರು. ಪೂರ್ಣ ಮಂಡಳಿ ಮರುಪರಿಶೀಲಿಸಲಿ ಎಂದು ಕೇಳಬಹುದು, ಅದು 3041.1ನೇ ಸೆಕ್ಷನ್. ಅನೇಕ ಲೇಖನಗಳಲ್ಲಿ ಇವೆರಡನ್ನೂ ಒಂದೇ ಎಂದು ಬರೆದಿರುತ್ತಾರೆ, ನೀವು ಬೇರೆ ಬೇರೆಯಾಗಿಯೇ ಇಡಿ. ರದ್ದಾದರೆ ಹೇಬಿಯಸ್ ಕಾರ್ಪಸ್ (ಬಂಧನವನ್ನು ಪ್ರಶ್ನಿಸುವ) ಅರ್ಜಿಯ ಮೂಲಕ ಕೋರ್ಟಿಗೆ ಹೋಗಬಹುದು. ಲಾರೆನ್ಸ್ ಪ್ರಕರಣ ಬಂದದ್ದು ಹಾಗೆಯೇ.

ಗವರ್ನರ್ ಕೈಯಿಂದ ಲೇಖನಿ ಕಿತ್ತುಕೊಂಡ ರಾಜ್ಯ ಬೇಕಾದರೆ ಮೇರಿಲ್ಯಾಂಡ್ ನೋಡಿ. 1995ರಲ್ಲಿ ಗವರ್ನರ್ ಪ್ಯಾರಿಸ್ ಗ್ಲೆಂಡೆನಿಂಗ್ ‘ಜೀವಾವಧಿ ಎಂದರೆ ಜೀವಾವಧಿಯೇ’ ಎಂದು ಘೋಷಿಸಿ, ತೀರ ಮುದುಕರು ಮತ್ತು ಸಾಯುವ ಕಾಯಿಲೆಯವರನ್ನು ಬಿಟ್ಟು ಯಾರ ಪೆರೋಲಿಗೂ ಸಹಿ ಹಾಕುವುದಿಲ್ಲ ಎಂದರು. ಮುಂದಿನ ಎರಡು ದಶಕ, ಪಕ್ಷ ಯಾವುದೇ ಬರಲಿ, ಜೀವಾವಧಿ ಕೈದಿಗಳ ಪೆರೋಲ್ ಅಲ್ಲಿ ಬಹುತೇಕ ನಿಂತೇಹೋಯಿತು. ಆ ನಿಲುವು ತಪ್ಪಾಗಿತ್ತು ಎಂದು ಗ್ಲೆಂಡೆನಿಂಗ್ ಅವರೇ ಮುಂದೆ ಬಹಿರಂಗವಾಗಿ ಹೇಳಿದರು. 2011ರಲ್ಲಿ ಒಂದು ಅರ್ಧ ಸುಧಾರಣೆ ಬಂತು: 180 ದಿನದೊಳಗೆ ಗವರ್ನರ್ ತಿರಸ್ಕರಿಸದಿದ್ದರೆ ಅಲ್ಲಿಯ ಪೆರೋಲ್ ಆಯೋಗದ ನಿರ್ಧಾರ ಜಾರಿ. ಕಡತ ಮೇಜಿನ ಮೇಲೆ ಕೊಳೆಯುವುದು ನಿಂತಿತು, ತಿರಸ್ಕಾರ ನಿಲ್ಲಲಿಲ್ಲ. ಕೊನೆಗೆ 2021ರಲ್ಲಿ ಎಸ್‌ಬಿ 202 ಗವರ್ನರ್ ಪಾತ್ರವನ್ನೇ ತೆಗೆಯಿತು. ಗವರ್ನರ್ ಲ್ಯಾರಿ ಹೋಗನ್ ವೀಟೊ ಮಾಡಿದರು, ಡಿಸೆಂಬರಿನ ವಿಶೇಷ ಅಧಿವೇಶನದಲ್ಲಿ ಶಾಸಕಾಂಗ ಆ ವೀಟೊವನ್ನು ಮೀರಿತು.

ಕೊಟ್ಟದ್ದರ ಜೊತೆ ಪಡೆದದ್ದೂ ಇದೆ, ಇದನ್ನು ಯಾರೂ ಬರೆಯುವುದಿಲ್ಲ. ಅದೇ ಮಸೂದೆ ಮುಂದಿನ ಅಪರಾಧಗಳಿಗೆ ಕನಿಷ್ಠ ಸೆರೆಯನ್ನು 15ರಿಂದ 20 ವರ್ಷಕ್ಕೆ ಏರಿಸಿತು. ಮತ ಕೂಡಿಸಲು ಆದ ಒಪ್ಪಂದ ಅದು.

ಒಕ್ಲಹೋಮಾ ಇನ್ನೊಂದು ಮಾದರಿ. 2012ರ ಜನಮತದಲ್ಲಿ ಹಿಂಸೆಯಿಲ್ಲದ ಅಪರಾಧಗಳಿಂದ ಗವರ್ನರನ್ನು ಹೊರಗಿಟ್ಟು, ಹಿಂಸಾಪರಾಧಗಳಲ್ಲಿ ಉಳಿಸಿಕೊಂಡರು. ಮಿಶಿಗನ್ ಬೇರೆ ಕಡೆಯಿಂದ ಬಂತು. 2018ರ ಕಾನೂನಿನ ಪ್ರಕಾರ ಮಾರ್ಗಸೂಚಿ ಅಂಕದಲ್ಲಿ ‘ಪೆರೋಲಿಗೆ ಹೆಚ್ಚು ಸಾಧ್ಯತೆ’ ಬಂದವರನ್ನು ತಡೆಯಬೇಕಾದರೆ ಕಾನೂನಿನಲ್ಲೇ ಪಟ್ಟಿಮಾಡಿದ ವಸ್ತುನಿಷ್ಠ ಕಾರಣಗಳಲ್ಲಿ ಒಂದನ್ನು ತೋರಿಸಬೇಕು. ‘ನಮಗೆ ಸರಿ ಅನ್ನಿಸಲಿಲ್ಲ’ ಎನ್ನುವಂತಿಲ್ಲ. ನನ್ನನ್ನು ಕೇಳಿದರೆ ಮಂಡಳಿಯ ಕಾರ್ಯವಿಧಾನ ತಿದ್ದುವ ಕಾನೂನು ಎಂದು ಹೇಳಲು ಅತಿ ಹತ್ತಿರದ ಉದಾಹರಣೆ ಇದೇ.

ತುಂಗಾತೀರ

ಬಹಳ ಉಪಕಾರವಾಯಿತು. ಒಂದು ಲೆಕ್ಕ ಪರೀಕ್ಷಿಸಿ ಹೇಳಿ. 22ನೇ ವಯಸ್ಸಿನಲ್ಲಿ ಎರಡನೇ ದರ್ಜೆ ಕೊಲೆಗೆ 15 ವರ್ಷದಿಂದ ಜೀವಾವಧಿ, ಬಂದೂಕಿಗೆ 25, ಒಟ್ಟು 40 ವರ್ಷದಿಂದ ಜೀವಾವಧಿ. ಮೂಲ ಅಪರಾಧ 15ರದ್ದಾದ್ದರಿಂದ ಯುವ ಅಪರಾಧಿ ಕಾನೂನಿನಲ್ಲಿ 20ನೇ ವರ್ಷಕ್ಕೆ ಅರ್ಹ, ಅಂದರೆ 42ನೇ ವಯಸ್ಸು. ಸರಿಯೇ?

ಕಟಕಟೆ

ಸರಿಯಿಲ್ಲ, ಆದರೆ ಬಹಳ ಜನ ಬೀಳುವ ಹಳ್ಳ ಇದು. ‘ನಿಯಂತ್ರಕ ಅಪರಾಧ’ ಎಂದರೆ ಮೂಲ ಅಪರಾಧ ಎಂದಲ್ಲ. ಅಪರಾಧ ಅಥವಾ ಹೆಚ್ಚುವರಿ ಶಿಕ್ಷೆ, ಇವೆರಡರಲ್ಲಿ ಯಾವುದಕ್ಕೆ ಅತಿ ದೀರ್ಘ ಅವಧಿ ಬಿದ್ದಿದೆಯೋ ಅದು. ನಿಮ್ಮ ಉದಾಹರಣೆಯಲ್ಲಿ ಬಂದೂಕಿನ ಹೆಚ್ಚುವರಿ ಶಿಕ್ಷೆಯೇ 25 ವರ್ಷದಿಂದ ಜೀವಾವಧಿ, ಅದು ಕೊಲೆಯ 15ಕ್ಕಿಂತ ದೊಡ್ಡದು. ಹಾಗಾಗಿ 25ನೇ ವರ್ಷ, ವಯಸ್ಸು ಸುಮಾರು 47. ಎರಡನ್ನೂ ಕೂಡಿಸಬಾರದು, ಚಿಕ್ಕದನ್ನೂ ಹಿಡಿಯಬಾರದು. ತೀರ್ಪಿನ ಸಾರಾಂಶದ ಹಾಳೆಯಲ್ಲಿ ಪ್ರತಿ ಸಾಲಿನ ಎದುರಿಗೂ ಅವಧಿ ಬರೆದಿರುತ್ತಾರೆ, ಅದರಲ್ಲಿ ಅತಿ ದೊಡ್ಡ ಸಂಖ್ಯೆಗೆ ಬೆರಳಿಟ್ಟು ಅಲ್ಲಿಂದ ಲೆಕ್ಕ ಶುರುಮಾಡಿ.

ಸನ್ನಡತೆ

ಕರ್ನಾಟಕದ ಹೋಲಿಕೆಗೆ ಬರುತ್ತೇನೆ. ನೀವು ಹೋಲಿಸಬೇಕಾದದ್ದು ನಮ್ಮ ಪೆರೋಲನ್ನಲ್ಲ, ‘ಅವಧಿಪೂರ್ವ ಬಿಡುಗಡೆ’ಯನ್ನು. ಸ್ವಾತಂತ್ರ್ಯೋತ್ಸವ, ಗಣರಾಜ್ಯೋತ್ಸವದ ಹೊತ್ತಿಗೆ ‘ಸನ್ನಡತೆಯ ಕೈದಿಗಳ ಬಿಡುಗಡೆ’ ಎಂದು ಪತ್ರಿಕೆಯಲ್ಲಿ ಬರುತ್ತದಲ್ಲ, ಅದರ ಸಾಲಿನದು. ಕಾನೂನಿನ ನೆಲೆ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) 432, 433, 433ಎ. 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 473, 474, 475. ಮರಣದಂಡನೆಯೂ ವಿಧಿಸಬಹುದಾದ ಅಪರಾಧಕ್ಕೆ ಜೀವಾವಧಿ ಆಗಿದ್ದರೆ ಕನಿಷ್ಠ 14 ವರ್ಷ ಒಳಗಿರಲೇಬೇಕು. ಇಲ್ಲೂ 14 ಎನ್ನುವುದು ಬಾಗಿಲ ವರ್ಷ. ‘ಜೀವಾವಧಿ ಅಂದ್ರೆ 14 ವರ್ಷ ತಾನೇ’ ಎನ್ನುವುದು ಬಸ್ ನಿಲ್ದಾಣದ ಮಾತು. ಜೀವಾವಧಿ ಎಂದರೆ ಉಸಿರಿರುವವರೆಗೆ ಎಂದು 1961ರ ಗೋಪಾಲ ವಿನಾಯಕ ಗೋಡ್ಸೆ ಪ್ರಕರಣದಿಂದಲೂ ನಿಂತಿರುವ ತೀರ್ಪು. ನಮ್ಮ ರಾಜ್ಯದಿಂದಲೇ ಹೋದ ಸ್ವಾಮಿ ಶ್ರದ್ಧಾನಂದ ಪ್ರಕರಣದಲ್ಲಿ (2008) ಸುಪ್ರೀಂ ಕೋರ್ಟ್ ಇನ್ನೂ ಮುಂದೆ ಹೋಗಿ, ಮರಣದಂಡನೆಗೆ ಬದಲಾಗಿ ಮಾಫಿಯೇ ಇಲ್ಲದ ಜೀವಾವಧಿ ವಿಧಿಸಬಹುದು ಎಂದಿತು. ಸಂವಿಧಾನದ 161ನೇ ವಿಧಿಯ ಕ್ಷಮಾಧಿಕಾರ ಮಾತ್ರ 433ಎಯ ಈ 14 ವರ್ಷದ ಕಟ್ಟಿಗೆ ಸಿಗುವುದಿಲ್ಲ, ಅದು 1980ರ ಮಾರು ರಾಮ್ ತೀರ್ಪು.

ಮುಖ್ಯ ವ್ಯತ್ಯಾಸ ಬಾಯಿಯದು. ಕ್ಯಾಲಿಫೋರ್ನಿಯಾದಲ್ಲಿ ಕೈದಿ ಮಾತಾಡುತ್ತಾನೆ, ವಕೀಲರು ಇರುತ್ತಾರೆ, ಪ್ರತಿ ಮಾತೂ ದಾಖಲಾಗುತ್ತದೆ, ಆ ದಾಖಲೆ ಸಾರ್ವಜನಿಕ. ನಮ್ಮಲ್ಲಿ ಕಡತ ಮಾತಾಡುತ್ತದೆ: ಪೊಲೀಸ್ ವರದಿ, ಜೈಲು ಅಧೀಕ್ಷಕರ ವರದಿ, ಶಿಕ್ಷೆ ಕೊಟ್ಟ ನ್ಯಾಯಾಲಯದ ಅಭಿಪ್ರಾಯ. ಕೊನೆಯದಕ್ಕೆ ಕಾರಣ ಕೊಟ್ಟಿರಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿದೆ. ಆದರೂ ‘ಅಪರಾಧ ಘೋರ, ಬಿಡುಗಡೆ ಬೇಡ’ ಎಂಬ ಒಂದು ಸಾಲಿನ ಅಭಿಪ್ರಾಯಗಳ ಮೇಲೆ ಅರ್ಜಿಗಳು ಬಿದ್ದುಹೋಗುತ್ತವೆ. ಲಾರೆನ್ಸ್ ತೀರ್ಪು ಅಲ್ಲಿ ಯಾವುದನ್ನು ಸಾಲದು ಎಂದಿತೋ ಅದೇ. 2000ದ ಲಕ್ಷ್ಮಣ್ ನಸ್ಕರ್ ತೀರ್ಪಿನಲ್ಲಿ ಪರಿಗಣಿಸಬೇಕಾದ ಅಂಶಗಳಿವೆ: ಅದು ಸಮಾಜಕ್ಕೆ ತಾಗದ ವೈಯಕ್ತಿಕ ಅಪರಾಧವೇ, ಮರುಕಳಿಸುವ ಸಂಭವವಿದೆಯೇ, ಅಪರಾಧ ಮಾಡುವ ಶಕ್ತಿ ಉಳಿದಿದೆಯೇ, ಇನ್ನೂ ಒಳಗಿಡುವುದರಿಂದ ಪ್ರಯೋಜನವಿದೆಯೇ, ಮನೆಯವರ ಆರ್ಥಿಕ ಸ್ಥಿತಿ ಏನು. ಪ್ರಬಂಧದಲ್ಲಿ ಇದನ್ನು 4801(ಸಿ) ಪಕ್ಕದಲ್ಲಿಟ್ಟು ನೋಡಿ.

2025ರ ಫೆಬ್ರುವರಿ 18ರ ಸುಪ್ರೀಂ ಕೋರ್ಟ್ ಆದೇಶ ಬಿಡಬೇಡಿ. ರಾಜ್ಯದಲ್ಲಿ ನೀತಿ ಇದ್ದರೆ, ಕೈದಿ ಅರ್ಜಿ ಹಾಕಲಿ ಬಿಡಲಿ, ಅರ್ಹನಾದ ಕೂಡಲೇ ಸರ್ಕಾರವೇ ಪರಿಗಣಿಸಬೇಕು, ಕಾರಣ ಬರೆಯಬೇಕು, ನಿರ್ಧಾರವನ್ನು ಕೈದಿಗೆ ತಿಳಿಸಬೇಕು. ದಿನಾಂಕ ತಾನಾಗಿ ಬರುವುದು ಅಲ್ಲಿ ಮೊದಲಿಂದ ಇದೆ, ಇಲ್ಲಿಗೆ ಹೀಗೆ ಬಂತು. ಲೆಕ್ಕ ಹಾಕುವಾಗ ಒಂದು ಎಚ್ಚರ: ಗೋವಾದ ಪ್ರಕರಣವೊಂದರಲ್ಲಿ 2023ರ ಜನವರಿಯಲ್ಲಿ ಪೆರೋಲಿನಲ್ಲಿ ಹೊರಗಿದ್ದ ದಿನಗಳನ್ನು 14 ವರ್ಷಕ್ಕೆ ಸೇರಿಸುವಂತಿಲ್ಲ ಎಂದು ತೀರ್ಪಾಗಿದೆ.

ಪುಟತಿರುವು

ಎರಡು ಮಾತು ಸೇರಿಸುತ್ತೇನೆ. ಕ್ಯಾಲಿಫೋರ್ನಿಯಾ ಜೈಲಿನಲ್ಲಿರುವ ಭಾರತೀಯ ಪ್ರಜೆಗೆ ಬಿಡುಗಡೆಯ ನಂತರ ಗಡೀಪಾರು ಕಾದಿದ್ದರೆ ಎರಡು ಯೋಜನೆ ತಯಾರಿರಬೇಕು: ಗಡೀಪಾರಾದರೆ ಇಲ್ಲಿಯದು, ಆಗದಿದ್ದರೆ ಅಲ್ಲಿಯದು. ಹುಬ್ಬಳ್ಳಿಯ ಅಣ್ಣ ‘ನಾವು ನೋಡಿಕೊಳ್ಳುತ್ತೇವೆ’ ಎಂದಷ್ಟೇ ಬರೆದರೆ ಅದು ಪ್ರೀತಿಯ ಪತ್ರ, ಯೋಜನೆಯಲ್ಲ. ಯಾವ ವಿಳಾಸ, ಯಾವ ಕೋಣೆ, ಯಾರ ದುಡಿಮೆ, ಯಾವ ಕೆಲಸ, ಕುಡಿತದ ಹಿನ್ನೆಲೆ ಇದ್ದರೆ ಹತ್ತಿರದಲ್ಲಿ ಯಾವ ಬೆಂಬಲ ಗುಂಪು, ಇಷ್ಟೂ ಅದರಲ್ಲಿರಬೇಕು. ಕನ್ನಡದಲ್ಲಿ ಬರೆದ ಪತ್ರಕ್ಕೆ ಇಂಗ್ಲಿಷ್ ಅನುವಾದವನ್ನೂ ಲಗತ್ತಿಸಬೇಕು.

ಇನ್ನು ತುಂಗಾತೀರ ಅವರಿಗೆ: ವಿಚಾರಣೆಯ ಪ್ರತಿಲಿಪಿಗಳನ್ನು ಮಂಡಳಿಯಿಂದ ಕೇಳಿ ಪಡೆಯಬಹುದು, ವಿಚಾರಣೆಯಾದ 30 ದಿನದೊಳಗೆ ಅವು ಲಭ್ಯವಾಗಬೇಕೆಂದು 3042ನೇ ಸೆಕ್ಷನ್ ಹೇಳುತ್ತದೆ. ನೂರಾರು ಪುಟ ಇರುತ್ತವೆ, ಮೊದಲಿಂದ ಓದಲು ಹೋಗಬೇಡಿ. ಹಿಂದಿನಿಂದ ತಿರುವಿ, ‘ನಿರ್ಧಾರ’ ಎಂಬ ಭಾಗಕ್ಕೆ ಹೋಗಿ, ಅಲ್ಲಿ ನಿರಾಕರಣೆಯ ಅವಧಿ ಹೇಳುವ ಪ್ಯಾರಾ ಹುಡುಕಿ. 15 ಯಾಕೆ ಬೇಡ, 10 ಯಾಕೆ ಬೇಡ, 3 ಯಾಕೆ ಎಂದು ಸದಸ್ಯರು ಇಳಿಯುತ್ತಾ ಬರುತ್ತಾರೆ. ಯುವ ಅಪರಾಧಿಯಾಗಿದ್ದರೆ ಅದೇ ಪ್ಯಾರಾದಲ್ಲಿ ವಯಸ್ಸಿನ ಅಂಶಗಳ ಮಾತು ಬಂದಿದೆಯೇ ನೋಡಿ, 3051(ಜಿ) ಪ್ರಕಾರ ಬರಲೇಬೇಕು. ಅವಧಿಗೆ ಅವರು ಕೊಟ್ಟ ಕಾರಣವನ್ನು ಅಲ್ಲೇ ಗುರುತು ಹಾಕಿಕೊಂಡು, ಆಮೇಲೆ ಅದಕ್ಕೆ ಮೊದಲಿನ ಪುಟಗಳಲ್ಲಿ ಆ ಕಾರಣ ಯಾವ ಪ್ರಶ್ನೆಯ ಉತ್ತರದಲ್ಲಿ ಹುಟ್ಟಿತು ಎಂದು ಹುಡುಕುತ್ತಾ ಹಿಂದಕ್ಕೆ ಹೋಗಿ.